ಓದುಗರ ಪ್ರಶ್ನೆ: ಅಮೆರಿಕದಲ್ಲಿ ದೇವರು ಎಲ್ಲಿ, ಸರ್ಕಾರ ಎಲ್ಲಿ?

ಪ್ರಶ್ನೆ: ಡಾಲರ್ ನೋಟಿನ ಮೇಲೆ ದೇವರ ಹೆಸರಿದೆ. ಅಧ್ಯಕ್ಷರು ಬೈಬಲ್ ಮೇಲೆ ಕೈಯಿಟ್ಟು ಪ್ರಮಾಣ ಮಾಡುತ್ತಾರೆ. ಆದರೂ ಅಲ್ಲಿ ಧರ್ಮ ಬೇರೆ, ಸರ್ಕಾರ ಬೇರೆ ಅನ್ನುತ್ತಾರಲ್ಲ, ಅದು ಹೇಗೆ?
– ಓದುಗರು, ದಾವಣಗೆರೆ

ಉತ್ತರ: ಅಮೆರಿಕ ಸಂವಿಧಾನದ ಮೊದಲ ತಿದ್ದುಪಡಿ 1791ರ ಡಿಸೆಂಬರ್‌ನಲ್ಲಿ ಜಾರಿಗೆ ಬಂತು. ಧರ್ಮದ ವಿಷಯದಲ್ಲಿ ಅದು ಹೇಳುವುದು ಎರಡೇ ಮಾತು. ಕಾಂಗ್ರೆಸ್ (ಅಂದರೆ ಅಲ್ಲಿಯ ಸಂಸತ್ತು) ಯಾವ ಧರ್ಮವನ್ನೂ ಸರ್ಕಾರಿ ಧರ್ಮವಾಗಿ ನೆಲೆಗೊಳಿಸಕೂಡದು, ಯಾರ ಧರ್ಮಾಚರಣೆಗೂ ಅಡ್ಡ ಬರಕೂಡದು. ಧರ್ಮಕ್ಕೂ ಸರ್ಕಾರಕ್ಕೂ ನಡುವೆ ‘ಗೋಡೆ’ಯಿದೆ ಎಂದು ಎಲ್ಲರೂ ಆಡುವ ಮಾತು ಆಗಿನ ಅಧ್ಯಕ್ಷ ಥಾಮಸ್ ಜೆಫರ್ಸನ್ 1802ರ ಜನವರಿ 1ರಂದು ಕನೆಕ್ಟಿಕಟ್‌ನ ಡ್ಯಾನ್‌ಬರಿಯ ಬ್ಯಾಪ್ಟಿಸ್ಟ್ ಪಂಥದ ಕ್ರೈಸ್ತರಿಗೆ ಬರೆದ ಕಾಗದದ್ದು. ಆಗಿನ್ನೂ ಈ ಕಟ್ಟುಪಾಡು ಕೇಂದ್ರ ಸರ್ಕಾರಕ್ಕೆ ಮಾತ್ರ ಇತ್ತು. ಮ್ಯಾಸಚೂಸೆಟ್ಸ್‌ನಲ್ಲಿ 1833ರವರೆಗೂ ಜನರ ತೆರಿಗೆಯಿಂದಲೇ ಚರ್ಚು ನಡೆಯುತ್ತಿತ್ತು. ರಾಜ್ಯಗಳಿಗೂ ಇದು ಅನ್ವಯ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1940 ಮತ್ತು 1947ರ ತೀರ್ಪುಗಳಲ್ಲಿ.

ನೋಟಿನ ಮೇಲಿನ ದೇವರು ಸಂವಿಧಾನದಿಂದ ಬಂದವನಲ್ಲ. ಅಂತರ್ಯುದ್ಧದ ಹೊತ್ತಿನಲ್ಲಿ, 1864ರಲ್ಲಿ, ಎರಡು ಸೆಂಟಿನ ನಾಣ್ಯದ ಮೇಲೆ ಮೊದಲು ಕಾಣಿಸಿಕೊಂಡ. ನಾಸ್ತಿಕ ಸೋವಿಯತ್ ಒಕ್ಕೂಟದ ಎದುರು ತಾವು ಬೇರೆ ಎಂದು ತೋರಿಸಿಕೊಳ್ಳುವ ಕಾಲದಲ್ಲಿ, 1956ರಲ್ಲಿ, ‘ದೇವರಲ್ಲಿ ನಮ್ಮ ನಂಬಿಕೆ’ ಎಂಬ ಆ ಮಾತೇ ರಾಷ್ಟ್ರದ ಧ್ಯೇಯವಾಕ್ಯವಾಯಿತು. ಇನ್ನು ಪ್ರಮಾಣವಚನಕ್ಕೆ ಬೈಬಲ್ ಬೇಕು ಎಂದು ಎಲ್ಲಿಯೂ ಇಲ್ಲ. ಸರ್ಕಾರಿ ಹುದ್ದೆಗೆ ಧರ್ಮದ ಪರೀಕ್ಷೆ ಇರಕೂಡದು ಎಂದು ಸಂವಿಧಾನದ ಆರನೇ ವಿಧಿಯೇ ಹೇಳುತ್ತದೆ. 1901ರಲ್ಲಿ ಥಿಯೋಡರ್ ರೂಸ್‌ವೆಲ್ಟ್ ಬೈಬಲ್ ಇಲ್ಲದೆಯೇ ಪ್ರಮಾಣ ಮಾಡಿದರು. 2013ರಲ್ಲಿ ತುಳಸಿ ಗಬಾರ್ಡ್ ಸಂಸತ್ತಿಗೆ ಕಾಲಿಟ್ಟಾಗ ಮುಟ್ಟಿದ್ದು ಭಗವದ್ಗೀತೆಯನ್ನು.

ಯಾವ ಪ್ರಸಂಗ ಎದುರಾದರೂ ಒಂದನ್ನು ಕೇಳಿಕೊಳ್ಳಿ: ಇಲ್ಲಿ ದೇವರ ಮಾತಾಡುತ್ತಿರುವವರು ಯಾರು? ಸರ್ಕಾರದ ಕುರ್ಚಿಯಲ್ಲಿ ಕೂತವರೋ, ತಮ್ಮ ಪಾಡಿಗೆ ತಾವಿರುವ ಪ್ರಜೆಗಳೋ? ಮುಕ್ಕಾಲು ಪಾಲು ಉತ್ತರ ಅಲ್ಲೇ ಸಿಗುತ್ತದೆ.

ಪ್ರಶ್ನೆ: ಮೊಮ್ಮಗ ಟೆಕ್ಸಾಸ್‌ನ ಸರ್ಕಾರಿ ಶಾಲೆಗೆ ಹೋಗುತ್ತಾನೆ. ದಿನಾ ಬೆಳಗ್ಗೆ ದೇವರ ಹೆಸರಿರುವ ಧ್ವಜಪ್ರತಿಜ್ಞೆ ಹೇಳಿಸುತ್ತಾರೆ. ಈಗ ಗೋಡೆಗೆ ಬೈಬಲ್ಲಿನ ಹತ್ತು ಆಜ್ಞೆಗಳನ್ನೂ ಹಾಕುತ್ತಾರಂತೆ. ಮಗ, ಸೊಸೆ ಏನು ಮಾಡಬಹುದು?
– ಓದುಗರು, ಮೈಸೂರು

ಉತ್ತರ: ಪ್ರತಿಜ್ಞೆ ಹೇಳಲೇಬೇಕೆಂದು ಬಲವಂತ ಮಾಡುವ ಹಾಗಿಲ್ಲ. ವೆಸ್ಟ್ ವರ್ಜೀನಿಯಾದಲ್ಲಿ ‘ಯೆಹೋವನ ಸಾಕ್ಷಿಗಳು’ ಪಂಥದ ಮಕ್ಕಳನ್ನು ಧ್ವಜವಂದನೆ ಮಾಡಲಿಲ್ಲವೆಂದು ಶಾಲೆಯಿಂದ ಹೊರಗೆ ಹಾಕಿದ್ದರು. ಅದೂ ಎರಡನೇ ಮಹಾಯುದ್ಧ ನಡೆಯುತ್ತಿದ್ದಾಗ. 1943ರಲ್ಲಿ ಸುಪ್ರೀಂ ಕೋರ್ಟ್ ಮಕ್ಕಳ ಪರ ನಿಂತಿತು. 1986ರಲ್ಲಿ ಕೇರಳದ ಮೂವರು ಮಕ್ಕಳು ರಾಷ್ಟ್ರಗೀತೆ ಹಾಡದ ಪ್ರಕರಣ ಬಂದಾಗ ನಮ್ಮ ಸುಪ್ರೀಂ ಕೋರ್ಟೂ ಈ ತೀರ್ಪನ್ನು ಉಲ್ಲೇಖಿಸಿತು. ಪ್ರತಿಜ್ಞೆಯಲ್ಲಿ ದೇವರು ಸೇರಿದ್ದು 1954ರಲ್ಲಿ.

ಆದರೆ ಟೆಕ್ಸಾಸ್‌ನಲ್ಲಿ ಒಂದು ತೊಡಕಿದೆ. ಪ್ರತಿಜ್ಞೆಯಿಂದ ವಿನಾಯಿತಿ ಬೇಕಾದರೆ ತಂದೆಯೋ ತಾಯಿಯೋ ಬರೆದು ಕೊಡಬೇಕು. ಈ ಚೀಟಿ ಇಲ್ಲದೆ ಹುಡುಗ ತಾನಾಗಿ ಸುಮ್ಮನೆ ಕೂತರೆ ಶಿಕ್ಷಕರು ಗದರಬಹುದು. ಪ್ರಾಂಶುಪಾಲರ ಹೆಸರಿಗೆ ಮೂರು ಸಾಲು ಸಾಕು: ಮಗುವಿನ ಹೆಸರು, ತರಗತಿ, ಅಮೆರಿಕದ ಧ್ವಜ ಮತ್ತು ಟೆಕ್ಸಾಸ್ ಧ್ವಜ ಎರಡರ ಪ್ರತಿಜ್ಞೆಯಿಂದಲೂ ಬಿಡಬೇಕೆಂಬ ಕೋರಿಕೆ. ರಾಜ್ಯದ ಪ್ರತಿಜ್ಞೆಯಲ್ಲೂ ದೇವರಿರುವುದರಿಂದ ಎರಡನ್ನೂ ಹೆಸರಿಸಿ. ತಾರೀಖು ಹಾಕಿ, ಒಂದು ಪ್ರತಿ ಇಟ್ಟುಕೊಳ್ಳಿ. ಕೆಲಸ ಆಗದಿದ್ದರೆ ಶಾಲಾ ಜಿಲ್ಲೆಯ ಸೂಪರಿಂಟೆಂಡೆಂಟ್ (ಆ ಪ್ರದೇಶದ ಸರ್ಕಾರಿ ಶಾಲೆಗಳ ಮುಖ್ಯಾಧಿಕಾರಿ), ಆಮೇಲೆ ಸ್ಕೂಲ್ ಬೋರ್ಡ್ (ಶಾಲಾ ಮಂಡಳಿ). ನೆಟ್ಟಗೆ ವಕೀಲರ ಹತ್ತಿರ ಓಡುವ ಅಗತ್ಯ ಬೀಳುವುದು ಕಡಿಮೆ.

ಹತ್ತು ಆಜ್ಞೆಗಳ ವಿಷಯ ಇಷ್ಟು ಸುಲಭವಲ್ಲ. ಕೆಂಟಕಿಯ ಇಂಥದೇ ಕಾನೂನನ್ನು ಸುಪ್ರೀಂ ಕೋರ್ಟ್ 1980ರಲ್ಲೇ ಹೊಡೆದುಹಾಕಿತ್ತು. ಆದರೂ 2024ರಲ್ಲಿ ಲೂಸಿಯಾನ, 2025ರಲ್ಲಿ ಟೆಕ್ಸಾಸ್ ಮತ್ತೆ ಕಾನೂನು ಮಾಡಿದವು. ಟೆಕ್ಸಾಸ್‌ನ ಪ್ರಕಾರ ಪ್ರತಿ ತರಗತಿಯಲ್ಲೂ ಕನಿಷ್ಠ 16 ಇಂಚು ಅಗಲ, 20 ಇಂಚು ಎತ್ತರದ ಫಲಕ ಇರಬೇಕು. ಎರಡೂ ರಾಜ್ಯಗಳಲ್ಲಿ ಪೋಷಕರು ಕೋರ್ಟಿಗೆ ಹೋಗಿದ್ದಾರೆ. 2024–25ರಲ್ಲಿ ಕೆಲವು ಶಾಲಾ ಜಿಲ್ಲೆಗಳ ಮಟ್ಟಿಗೆ ತಡೆಯಾಜ್ಞೆಯೂ ಸಿಕ್ಕಿತ್ತು, ಹಾಗಾಗಿ ನಿಮ್ಮ ಮಗ ತನ್ನ ಶಾಲಾ ಜಿಲ್ಲೆಯ ಈಗಿನ ಸ್ಥಿತಿಯನ್ನೇ ವಿಚಾರಿಸಬೇಕು.

ಮೊಮ್ಮಗ ಪರೀಕ್ಷೆಗೆ ಮೊದಲು ಕಣ್ಣುಮುಚ್ಚಿ ಶ್ಲೋಕ ಹೇಳಿಕೊಂಡರೆ, ಊಟಕ್ಕೆ ಕೂತಾಗ ಕೈಮುಗಿದರೆ ಯಾರೂ ತಡೆಯುವಂತಿಲ್ಲ. ನಿಷಿದ್ಧವಾಗಿರುವುದು ಶಾಲೆಯೇ ಮುಂದೆ ನಿಂತು ಮಾಡಿಸುವ ಪ್ರಾರ್ಥನೆ. 1962ರಲ್ಲಿ ನ್ಯೂಯಾರ್ಕ್‌ನ ಶಿಕ್ಷಣಾಧಿಕಾರಿಗಳು ಬರೆದುಕೊಟ್ಟಿದ್ದ ಪ್ರಾರ್ಥನೆ ಬಿದ್ದುಹೋಯಿತು. ಅದರಲ್ಲಿದ್ದದ್ದು 22 ಪದ, ಯಾವ ಪಂಥದ ಹೆಸರೂ ಇರಲಿಲ್ಲ, ಬೇಡದವರು ಸುಮ್ಮನಿರಬಹುದಿತ್ತು. ಸರ್ಕಾರ ಪ್ರಾರ್ಥನೆ ಬರೆಯುವುದೇ ತಪ್ಪು ಎಂದಿತು ಕೋರ್ಟ್.

ಪ್ರಶ್ನೆ: ನಮ್ಮ ಯೋಗ, ಧ್ಯಾನವನ್ನು ಅಲ್ಲಿಯ ಸರ್ಕಾರಿ ಶಾಲೆಯಲ್ಲಿ ಕಲಿಸಬಹುದೇ? ದೀಪಾವಳಿಗೆ ರಜೆ ಕೊಡುತ್ತಾರೆಯೇ?
– ಓದುಗರು, ಹುಬ್ಬಳ್ಳಿ

ಉತ್ತರ: ಹೇಗೆ ಕಲಿಸುತ್ತೀರಿ ಎಂಬುದರ ಮೇಲೆ ನಿಂತಿದೆ. ಎಪ್ಪತ್ತರ ದಶಕದಲ್ಲಿ ನ್ಯೂಜೆರ್ಸಿಯ ಐದು ಪ್ರೌಢಶಾಲೆಗಳಲ್ಲಿ ಭಾವಾತೀತ ಧ್ಯಾನವನ್ನು ಐಚ್ಛಿಕ ವಿಷಯವಾಗಿ ಇಟ್ಟಿದ್ದರು. ಮಂತ್ರ ಪಡೆಯಲು ಪ್ರತಿ ವಿದ್ಯಾರ್ಥಿಯೂ ಹೂವು, ಹಣ್ಣು, ಒಂದು ಬಿಳಿ ಕರವಸ್ತ್ರ ತೆಗೆದುಕೊಂಡು ಭಾನುವಾರ ಶಾಲೆಯ ಹೊರಗೆ ನಡೆಯುವ ಪೂಜೆಗೆ ಹೋಗಬೇಕಿತ್ತು. ಅಲ್ಲಿ ಶಿಕ್ಷಕರು ಸಂಸ್ಕೃತದಲ್ಲಿ ಸ್ತುತಿ ಹಾಡಿ ‘ಗುರುದೇವ’ರಿಗೆ ಅರ್ಪಿಸುತ್ತಿದ್ದರು. ಇದು ಬರಿಯ ವಿಜ್ಞಾನ ಎಂದು ಆಯೋಜಕರು ವಾದಿಸಿದರು. ಆ ಪೂಜೆಯೇ ಅವರಿಗೆ ಮುಳುವಾಯಿತು. 1979ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಧಾರ್ಮಿಕ ಬೋಧನೆ ಎಂದೇ ಎಣಿಸಿತು. ಕ್ಯಾಲಿಫೋರ್ನಿಯಾದ ಎನ್ಸಿನಿಟಾಸ್‌ನಲ್ಲಿ ಆಸನ, ಉಸಿರಾಟವನ್ನು ವ್ಯಾಯಾಮದ ಪಾಠವಾಗಿ ಕಲಿಸಿದರು. 2015ರಲ್ಲಿ ಅಲ್ಲಿಯ ನ್ಯಾಯಾಲಯ ಒಪ್ಪಿತು. ಅಲಬಾಮದಲ್ಲಿ 1993ರಿಂದ ಇದ್ದ ಯೋಗ ನಿಷೇಧ 2021ರಲ್ಲಿ ತೆರವಾದರೂ ಮಂತ್ರಕ್ಕೂ ‘ನಮಸ್ತೆ’ಗೂ ಅನುಮತಿ ಸಿಗಲಿಲ್ಲ. ನಮಸ್ಕಾರವನ್ನೂ ಬಿಡಿಸಿದ್ದು ಅತಿಯಾಯಿತು ಎಂದೇ ನಮ್ಮ ಅಭಿಪ್ರಾಯ.

ದೀಪಾವಳಿಗೆ ನ್ಯೂಯಾರ್ಕ್ ನಗರದ ಶಾಲೆಗಳಲ್ಲಿ 2024ರಿಂದ ರಜೆಯಿದೆ. ಬೇರೆ ಊರಲ್ಲಿ ಕೇಳುವವರು ಹಬ್ಬದ ಮಹಿಮೆ ವಿವರಿಸುವುದಕ್ಕಿಂತ, ಆ ದಿನ ಎಷ್ಟು ಮಕ್ಕಳು, ಎಷ್ಟು ಶಿಕ್ಷಕರು ಗೈರಾಗುತ್ತಾರೆ ಎಂಬ ಲೆಕ್ಕವನ್ನು ಸ್ಕೂಲ್ ಬೋರ್ಡಿನ ಮುಂದಿಡಲಿ. ಆಡಳಿತದ ಅನುಕೂಲಕ್ಕಾಗಿ ಕೊಟ್ಟ ರಜೆ ಕೋರ್ಟಿನಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ.

ಪ್ರಶ್ನೆ: ನಮ್ಮಲ್ಲಿ ಮುಜರಾಯಿ ಇಲಾಖೆ ಇದೆ. ಅಮೆರಿಕದ ದೇವಸ್ಥಾನಗಳ ಹುಂಡಿ ಯಾರ ಕೈಯಲ್ಲಿರುತ್ತದೆ? ಕಟ್ಟಲು ಸರ್ಕಾರದ ಅಪ್ಪಣೆ ಬೇಕೇ?
– ಓದುಗರು, ಉಡುಪಿ

ಉತ್ತರ: ಕರ್ನಾಟಕದ 1997ರ ಕಾಯ್ದೆಯಂತೆ ಆದಾಯ ನೋಡಿ ದೇವಸ್ಥಾನಗಳನ್ನು ಎ, ಬಿ, ಸಿ ಎಂದು ವಿಂಗಡಿಸುವುದು, ಸರ್ಕಾರ ಆಡಳಿತಾಧಿಕಾರಿಯನ್ನು ನೇಮಿಸುವುದು ಅಲ್ಲಿ ಊಹಿಸಲೂ ಆಗದ ಮಾತು. 1976ರ ಪಿಟ್ಸ್‌ಬರ್ಗ್‌ನ ವೆಂಕಟೇಶ್ವರ, 1977ರ ಫ್ಲಶಿಂಗ್‌ನ ಗಣಪತಿಯಿಂದ ಹಿಡಿದು ಇವತ್ತಿನವರೆಗೆ ಎಲ್ಲವೂ ಭಕ್ತರೇ ಕಟ್ಟಿ ನಡೆಸುವ ಸಂಸ್ಥೆಗಳು.

ಮೊದಲು ಆ ರಾಜ್ಯದಲ್ಲಿ ಲಾಭರಹಿತ ಸಂಸ್ಥೆಯಾಗಿ ನೋಂದಣಿ. ಕೇಂದ್ರದ ಆದಾಯ ತೆರಿಗೆ ವಿನಾಯಿತಿ ಪೂಜಾಸ್ಥಳಗಳಿಗೆ ಅರ್ಜಿ ಹಾಕದೆಯೂ ಸಿಗುತ್ತದೆ, ಆದರೂ 1023 ನಮೂನೆ ತುಂಬಿ 501(ಸಿ)(3) ಎಂಬ ತೆರಿಗೆ ವಿನಾಯಿತಿ ಕಲಮಿನ ಮಾನ್ಯತೆಯ ಪತ್ರ ಪಡೆಯುವುದು ಜಾಣತನ, ದಾನಿಗಳು ಕೇಳುವುದು ಅದನ್ನೇ. 250 ಡಾಲರ್ ಅಥವಾ ಹೆಚ್ಚಿಗೆ ಕೊಟ್ಟವರಿಗೆ ಲಿಖಿತ ರಸೀದಿ ಬೇಕು. ಬದಲಿಗೆ ಏನಾದರೂ ಕೊಟ್ಟಿದ್ದರೆ ಅದನ್ನೂ ಅದರಲ್ಲಿ ಹೇಳಬೇಕು. ಎಡವುವುದು ಇಲ್ಲೇ: 100 ಡಾಲರ್ ಟಿಕೆಟ್ಟಿನಲ್ಲಿ 30 ಡಾಲರ್ ಊಟವಿದ್ದರೆ ದಾನವಾಗುವುದು 70 ಮಾತ್ರ. ಆಸ್ತಿ ತೆರಿಗೆ ಬೇರೆ ಬಾಬತ್ತು. ಬಹುತೇಕ ಕಡೆ ಅದಕ್ಕೆ ಸ್ಥಳೀಯವಾಗಿ ಇನ್ನೊಂದು ಅರ್ಜಿ ಬೇಕು. ಚುನಾವಣೆಯಲ್ಲಿ ಇಂಥವರಿಗೆ ವೋಟು ಹಾಕಿ ಎನ್ನುವುದನ್ನು 1954ರ ತೆರಿಗೆ ನಿಯಮ ತಡೆಯುತ್ತದೆ. ದೇವಸ್ಥಾನದ ಮೈಕು ಅಭ್ಯರ್ಥಿಗಳ ಕೈಗೆ ಹೋಗದಂತೆ ನೋಡಿಕೊಳ್ಳಿ.

ಕಟ್ಟಡಕ್ಕೆ ಬಹುತೇಕ ಕಡೆ ಸ್ಥಳೀಯ ಪ್ಲಾನಿಂಗ್ ಬೋರ್ಡಿನ ಒಪ್ಪಿಗೆ ಬೇಕು. ವಿಚಾರಣೆಯಲ್ಲಿ ಅಕ್ಕಪಕ್ಕದವರು ಎತ್ತುವುದು ಹೆಚ್ಚಾಗಿ ಟ್ರಾಫಿಕ್, ಪಾರ್ಕಿಂಗ್, ಗದ್ದಲ, ಚರಂಡಿ. ಮಾಮೂಲಿ ವಾರಾಂತ್ಯಕ್ಕೆ ಲೆಕ್ಕ ಹಾಕಿದ ಪಾರ್ಕಿಂಗ್ ಶಿವರಾತ್ರಿಗೆ, ವೈಕುಂಠ ಏಕಾದಶಿಗೆ ಸಾಲದು. ಹಬ್ಬದ ದಿನದ ಕಾರುಗಳ ಅಂದಾಜು, ಹೆಚ್ಚುವರಿ ಪಾರ್ಕಿಂಗಿಗೆ ಪಕ್ಕದವರೊಂದಿಗೆ ಮಾಡಿಕೊಂಡ ಒಪ್ಪಂದ, ಎರಡನ್ನೂ ಅರ್ಜಿಯೊಂದಿಗೇ ಕೊಡಿ. ಅದೇ ವಲಯದಲ್ಲಿ ಕ್ಲಬ್ಬಿಗೋ ಸಭಾಭವನಕ್ಕೋ ಜಾಗ ಕೊಟ್ಟು ದೇವಸ್ಥಾನಕ್ಕೆ ಮಾತ್ರ ಇಲ್ಲ ಅಂದರೆ 2000ದ ಕೇಂದ್ರ ಕಾನೂನೊಂದು ಕೈಹಿಡಿಯುತ್ತದೆ.

ಸರ್ಕಾರ ದೂರ ಇರುವುದಕ್ಕೆ ಬೆಲೆಯೂ ಇದೆ. ಸಮಿತಿಯಲ್ಲಿ ಜಗಳವಾದರೆ ಯಾವ ಆಗಮ ಸರಿ, ಯಾರು ನಿಜವಾದ ಭಕ್ತರು ಎಂದು ಅಲ್ಲಿಯ ನ್ಯಾಯಾಲಯ ತೀರ್ಮಾನಿಸುವುದಿಲ್ಲ. ಬೈಲಾ, ಆಸ್ತಿಪತ್ರ ತೆಗೆದು ಓದುತ್ತದೆ, ಅಷ್ಟೆ. ‘ಸದಸ್ಯ’ ಎಂದರೆ ಯಾರು, ಚಂದಾ ಎಷ್ಟು, ಮತದಾನದ ಹಕ್ಕು ಯಾವಾಗ ಎಂಬುದು ಅದರಲ್ಲಿ ಇಲ್ಲದಿದ್ದರೆ ವ್ಯಾಜ್ಯ ವರ್ಷಗಟ್ಟಲೆ ಎಳೆಯುತ್ತದೆ. ಶಿಲ್ಪಿಯನ್ನು ಕರೆಸುವ ಮೊದಲೇ ಬೈಲಾ ಬರೆಯಬಲ್ಲ ವಕೀಲರನ್ನು ಹುಡುಕಿ. ಊರಿನಿಂದ ಅರ್ಚಕರನ್ನು ಕರೆಸುವ ಆರ್-1 ವೀಸಾ ಒಮ್ಮೆಗೆ ಗರಿಷ್ಠ 30 ತಿಂಗಳು, ಒಟ್ಟು 5 ವರ್ಷ.

ಪ್ರಶ್ನೆ: ಖಾಸಗಿ ಕಂಪನಿಯಲ್ಲಿ ಹಣೆಗೆ ಕುಂಕುಮ ಬೇಡ ಎಂದರೆ ಇದೇ ತಿದ್ದುಪಡಿ ತೋರಿಸಬಹುದೇ?
– ಓದುಗರು, ಬೆಂಗಳೂರು

ಉತ್ತರ: ಇಲ್ಲ, ಅದು ಕಟ್ಟಿಹಾಕುವುದು ಸರ್ಕಾರವನ್ನು. ಖಾಸಗಿಯವರಿಗೆ 1964ರ ನಾಗರಿಕ ಹಕ್ಕುಗಳ ಕಾಯ್ದೆ ಇದೆ, 15 ಅಥವಾ ಹೆಚ್ಚು ನೌಕರರಿರುವಲ್ಲಿ. ಧಾರ್ಮಿಕ ಕಾರಣಕ್ಕೆ ಎಂದು ಸ್ಪಷ್ಟವಾಗಿ ಇಮೇಲ್‌ನಲ್ಲಿ ಕೇಳಿ. 2023ರ ತೀರ್ಪಿನ ಪ್ರಕಾರ ವ್ಯವಹಾರಕ್ಕೆ ಗಣನೀಯ ಹೊರೆ ಬೀಳುತ್ತದೆ ಎಂದು ತೋರಿಸದೆ ಕಂಪನಿ ನಿರಾಕರಿಸುವಂತಿಲ್ಲ. ಸಮಾನ ಉದ್ಯೋಗಾವಕಾಶ ಆಯೋಗಕ್ಕೆ ದೂರು ಕೊಡಲು 180 ದಿನ, ಹಲವು ರಾಜ್ಯಗಳಲ್ಲಿ 300 ದಿನ ಗಡುವು.

ಪ್ರಶ್ನೆ: ಆ ಗೋಡೆ ಈಗ ಬೀಳುತ್ತಿದೆ ಎನ್ನುವುದು ನಿಜವೇ?
– ಓದುಗರು, ಕಲಬುರಗಿ

ಉತ್ತರ: ಹಣದ ವಿಷಯದಲ್ಲಿ ಬಹಳ ಮಟ್ಟಿಗೆ ಬಿದ್ದಿದೆ. ಶಾಲಾ ಶುಲ್ಕಕ್ಕೆಂದು ಪೋಷಕರ ಕೈಗೆ ಕೊಟ್ಟ ಸರ್ಕಾರಿ ವೋಚರ್ ಧಾರ್ಮಿಕ ಶಾಲೆಗೆ ಹೋಗಬಹುದು ಎಂದು 2002ರಲ್ಲಿ ಹೇಳಿದ ಸುಪ್ರೀಂ ಕೋರ್ಟ್, 2022ರ ಮೇನ್ ರಾಜ್ಯದ ಪ್ರಕರಣದಲ್ಲಿ ಮತ್ತೂ ಮುಂದೆ ಹೋಯಿತು. ಖಾಸಗಿ ಶಾಲೆಗಳಿಗೆ ಹಣ ಕೊಡುವುದಾದರೆ ಧಾರ್ಮಿಕ ಶಾಲೆಗಳನ್ನು ಹೊರಗಿಡುವಂತಿಲ್ಲ ಎಂದಿತು. ಅದೇ ವರ್ಷ, ಪಂದ್ಯ ಮುಗಿದ ಮೇಲೆ ಮೈದಾನದ ನಡುವೆ ಮೊಣಕಾಲೂರಿ ಪ್ರಾರ್ಥಿಸಿದ ಸರ್ಕಾರಿ ಶಾಲೆಯ ಫುಟ್‌ಬಾಲ್ ಕೋಚ್ 6–3ರಲ್ಲಿ ಗೆದ್ದರು. ಅವರು ಆ ಕ್ಷಣದಲ್ಲಿ ಖಾಸಗಿ ವ್ಯಕ್ತಿ ಎಂದಿತು ಬಹುಮತ. ತಂಡದಲ್ಲಿ ಜಾಗ ಉಳಿಸಿಕೊಳ್ಳಬೇಕಾದ ಹುಡುಗನ ಕಣ್ಣಿಗೆ ಕೋಚ್ ಯಾವಾಗಲೂ ಕೋಚೇ. ಆ ತೀರ್ಪು ನಮಗೆ ಒಪ್ಪಿಗೆಯಾಗದಿರುವುದು ಇದಕ್ಕೇ. ಒಕ್ಲಹೋಮದಲ್ಲಿ ಕ್ಯಾಥೊಲಿಕ್ ಶಾಲೆಯನ್ನು ಪೂರ್ತಿ ಸರ್ಕಾರಿ ಹಣದ ಚಾರ್ಟರ್ ಶಾಲೆಯಾಗಿ (ಸರ್ಕಾರದ ಹಣ, ಸ್ವತಂತ್ರ ಆಡಳಿತ) ನಡೆಸುವ ಯತ್ನ ಮಾತ್ರ 2025ರಲ್ಲಿ 4–4ರ ಸಮಬಲದಿಂದಾಗಿ ನಿಂತುಹೋಯಿತು. ಒಬ್ಬ ನ್ಯಾಯಮೂರ್ತಿ ವಿಚಾರಣೆಯಿಂದ ಹೊರಗುಳಿದಿದ್ದರು. ಸಮಬಲದ ತೀರ್ಪು ಮುಂದಿನ ಪ್ರಕರಣಗಳನ್ನು ಕಟ್ಟಿಹಾಕುವುದಿಲ್ಲವಾದ್ದರಿಂದ ಇದೇ ಪ್ರಶ್ನೆ ಇನ್ನೊಂದು ರಾಜ್ಯದಿಂದ ಮತ್ತೆ ಬರಬಹುದು.