ಗ್ರೀನ್ ಕಾರ್ಡ್ ಬರೋವರೆಗೂ ತಡ್ಕೋ ಅನ್ನಬೇಡಿ

ಪತ್ರ: ಅಮೆರಿಕದಲ್ಲಿರುವ ಮಗಳಿಗೆ ಅಳಿಯ ಹೊಡೆಯುತ್ತಾನೆ. ಅವನದು ಎಚ್-1ಬಿ ಅನ್ನುವ ಕೆಲಸದ ವೀಸಾ, ಇವಳದು ಅವನ ಮೇಲೆ ನಿಂತ ಎಚ್-4. ಪಾಸ್‌ಪೋರ್ಟ್ ಅವನ ಹತ್ತಿರವೇ ಇದೆ. ಬಾಯಿ ಬಿಟ್ಟರೆ ವೀಸಾ ಕ್ಯಾನ್ಸಲ್ ಮಾಡಿಸಿ ಊರಿಗೆ ಅಟ್ಟುತ್ತೇನೆ, ಮಗು ಇಲ್ಲೇ ಇರುತ್ತೆ ಅಂತಾನೆ. ಅಲ್ಲೇ ಕಾಯಂ ಇರೋಕೆ ಬೇಕಾದ ಗ್ರೀನ್ ಕಾರ್ಡ್ ಬರೋವರೆಗೂ ತಡ್ಕೊಳ್ಳಲಿ ಅಂತಾರೆ ನಮ್ಮ ಯಜಮಾನರು. ನಾನೇನು ಹೇಳಲಿ?
– ಒಬ್ಬ ತಾಯಿ, ಮೂಡಿಗೆರೆ ಕಡೆ

ಅಮ್ಮ,

ಮೊದಲೆಲ್ಲ ಮಗಳು ಮೊಬೈಲನ್ನು ಅಡುಗೆ ಕಟ್ಟೆ ಮೇಲೆ ಒರಗಿಸಿಟ್ಟು ಕೆಲಸ ಮಾಡ್ತಾ ಮಾತಾಡುತ್ತಿದ್ದಳು, ಈಗ ಮಗುವಿನ ಮುಖ ಮಾತ್ರ ತೋರಿಸ್ತಾಳೆ ಅಂತ ಬರೆದಿದ್ದೀರಿ. ಅವಳು ಬಾಯಿ ಬಿಡುವ ಮೊದಲೇ ನಿಮಗೆ ಗೊತ್ತಾಗಿತ್ತು, ಅಲ್ವಾ?

ಯಜಮಾನರಿಗೆ ಒಂದು ವಿಷಯ ತಿಳಿಸಿ. ಅಲ್ಲಿ ಯಾವುದೇ ಒಂದು ದೇಶದವರಿಗೆ ವರ್ಷಕ್ಕೆ ಕೊಡುವ ಗ್ರೀನ್ ಕಾರ್ಡ್‌ಗೆ ಶೇ 7ರ ಮಿತಿ ಇದೆ. ಕೆಲಸದ ಮೇಲೆ ಹೋದ ನಮ್ಮವರು ಹತ್ತು ವರ್ಷ ದಾಟಿದರೂ ಕಾಯುತ್ತಿದ್ದಾರೆ. ಅಷ್ಟು ವರ್ಷ ಏಟು ತಿನ್ನು ಅಂತ ಯಾವ ತಂದೆಯೂ ಮಗಳಿಗೆ ಹೇಳಬಾರದು.

ಅಳಿಯನ ಬೆದರಿಕೆಯಲ್ಲಿ ಅರ್ಧ ಸುಳ್ಳು. ಸಿಟ್ಟು ಬಂತು ಅಂತ ಒಂದು ಫೋನ್ ಮಾಡಿ ಅವಳನ್ನು ವಿಮಾನ ಹತ್ತಿಸೋಕೆ ಅವನಿಗೆ ಆಗಲ್ಲ. ಅವಳು ಬೇರೆ ಮನೆಯಲ್ಲಿ ಉಳಿದ ಮಾತ್ರಕ್ಕೂ ಎಚ್-4 ಹೋಗಲ್ಲ. ಆದರೆ ವಿಚ್ಛೇದನ ಆದರೆ ಹೋಗುತ್ತೆ, ಇಲ್ಲವೇ ಅವನ ಎಚ್-1ಬಿ ಹೋದರೂ ಹೋಗುತ್ತೆ, ಇದು ನಿಜ. ಈ ಅರ್ಧ ನಿಜವೇ ಎಷ್ಟೋ ಹೆಣ್ಣುಮಕ್ಕಳ ಬಾಯಿ ಕಟ್ಟಿದೆ. ಗಂಡ ಅಲ್ಲಿನ ಪ್ರಜೆಯೋ ಗ್ರೀನ್ ಕಾರ್ಡ್ ಇರುವವನೋ ಆಗಿದ್ದರೆ, 1994ರ ಕಾನೂನಿನಂತೆ ಹೊಡೆತ ತಿಂದ ಹೆಂಡತಿ ಅವನನ್ನು ಕೇಳದೆ ಗ್ರೀನ್ ಕಾರ್ಡ್‌ಗೆ ತಾನೇ ಅರ್ಜಿ ಹಾಕಬಹುದು. ಎಚ್-4 ಹೆಂಡತಿಗೆ ಆ ದಾರಿ ಇಲ್ಲ. ಇದು ದೊಡ್ಡ ಅನ್ಯಾಯ ಅಂತಲೇ ನಾನು ಹೇಳ್ತೀನಿ.

ಆದರೂ ಅಲ್ಲಿನ ಕಾನೂನು ಅವಳನ್ನು ಪೂರ್ತಿ ಕೈಬಿಟ್ಟಿಲ್ಲ. ಹೊಡೆತ ತಿಂದ ಎಚ್-4 ಹೆಂಡತಿ ಐ-765ವಿ ಅನ್ನುವ ಫಾರಂ ಹಾಕಿ ತನ್ನದೇ ಕೆಲಸದ ಪರ್ಮಿಟ್ ಕೇಳಬಹುದು. ಅಪರಾಧಕ್ಕೆ ತುತ್ತಾಗಿ ಅದರ ತನಿಖೆಗೆ ನೆರವಾದವರಿಗೆ ಯು ವೀಸಾ ಇದೆ, ವರ್ಷಕ್ಕೆ 10,000 ಮಾತ್ರ, ಸಾಲು ಬಹಳ ಉದ್ದ. ಅಲ್ಲಿನ ಪೊಲೀಸರ ತುರ್ತು ನಂಬರ್ 911ಕ್ಕೆ ಫೋನ್ ಮಾಡೋಕೆ, ಕೋರ್ಟಿನಿಂದ ರಕ್ಷಣೆ ಆದೇಶ ಕೇಳೋಕೆ ಯಾವ ವೀಸಾ ಅನ್ನೋದು ಅಡ್ಡ ಬರಲ್ಲ.

ಕೆನಡಾ 2012ರಲ್ಲಿ ಒಂದು ನಿಯಮ ತಂದಿತ್ತು. ಹೊಸದಾಗಿ ಬಂದ ಗಂಡ ಅಥವಾ ಹೆಂಡತಿ ಎರಡು ವರ್ಷ ಜೊತೆಗೇ ಬಾಳಬೇಕು, ಇಲ್ಲದಿದ್ದರೆ ವಾಸದ ಹಕ್ಕಿಗೇ ಕುತ್ತು. ಹಿಂಸೆ ಇದ್ದರೆ ವಿನಾಯಿತಿ ಅಂತಲೂ ಬರೆದಿತ್ತು. ಆದರೂ ಹೆದರಿದ ಹೆಂಗಸರು ಹೊಡೆಯುವವನ ಜೊತೆಗೇ ಉಳಿಯುವ ಅಪಾಯ ಇದೆ ಅಂತ ಒಪ್ಪಿಕೊಂಡು 2017ರಲ್ಲಿ ಅದನ್ನು ತೆಗೆದುಹಾಕಿದರು. ನಿಮ್ಮ ಅಳಿಯ ಬಳಸುತ್ತಿರೋದು ಅದೇ ಹೆದರಿಕೆಯನ್ನು.

ಪಾಸ್‌ಪೋರ್ಟ್ ಗಂಡನದಲ್ಲ. 1967ರ ಕಾಯ್ದೆ ಪ್ರಕಾರ ಅದು ಭಾರತ ಸರ್ಕಾರದ ಸ್ವತ್ತು. ಅವನು ಕೊಡದಿದ್ದರೆ ನಮ್ಮ ರಾಯಭಾರ ಕಚೇರಿಯಲ್ಲಿ ಬೇರೆ ಪಾಸ್‌ಪೋರ್ಟ್ ಅಥವಾ ಊರಿಗೆ ಮರಳುವ ತುರ್ತು ದಾಖಲೆ ಕೇಳಬಹುದು. ಮದುವೆ ಟೈಮಲ್ಲಿ ಮಾಡಿಸಿದ ಜೆರಾಕ್ಸ್ ನಿಮ್ಮ ಬೀರುವಿನಲ್ಲಿ ಇದ್ದೇ ಇರುತ್ತೆ, ಹುಡುಕಿ.

ಮಗುವನ್ನು ಎತ್ಕೊಂಡು ರಾತ್ರೋರಾತ್ರಿ ಬಂದುಬಿಡು ಅಂತ ಮಾತ್ರ ಹೇಳಬೇಡಿ. ಹಾಗೆ ಬೇರೆ ದೇಶಕ್ಕೆ ಒಯ್ದ ಮಕ್ಕಳನ್ನು ವಾಪಸ್ ಕಳಿಸುವ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ, ಆದರೆ ಮಗುವನ್ನು ಹೀಗೆ ಕರೆತಂದದ್ದನ್ನು ಅಲ್ಲಿನ ಕೋರ್ಟು ಅಪಹರಣ ಅನ್ನಬಹುದು. ಮೊದಲು ಅಲ್ಲಿನ ವಕೀಲರನ್ನು ಕೇಳಲಿ. ಮನೆಯೊಳಗಿನ ಹಿಂಸೆಗೆ ಅಲ್ಲಿನ ಸಹಾಯವಾಣಿ 1-800-799-7233, ಹಗಲು ರಾತ್ರಿ ಯಾವಾಗಲೂ ಎತ್ತುತ್ತಾರೆ. ಅವನು ಆಫೀಸಿಗೆ ಹೋದ ಮೇಲೆ, ಆದರೆ ಬೇರೆಯವರ ಫೋನಿನಿಂದ ಮಾಡಲಿ.

ಇಲ್ಲಿ ನೀವು ದೆಹಲಿಯ ರಾಷ್ಟ್ರೀಯ ಮಹಿಳಾ ಆಯೋಗದ ಎನ್‌ಆರ್‌ಐ ಸೆಲ್‌ಗೆ ಬರೆಯಿರಿ. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿದರೆ, ಹಿಂಸೆಗೆ ಒಳಗಾದ ಹೆಣ್ಣುಮಕ್ಕಳಿಗೆ ನೆರವಾಗುವ ಚಿಕ್ಕಮಗಳೂರಿನ ಸಖಿ ಕೇಂದ್ರದ ದಾರಿ ಹೇಳ್ತಾರೆ. ಮಗಳು ತವರಿಗೆ ಬಂದರೆ ಇಲ್ಲಿಂದಲೇ ದೂರು ಕೊಡಬಹುದು, 2019ರಲ್ಲಿ ಸುಪ್ರೀಂ ಕೋರ್ಟ್ ಹಾಗೇ ಹೇಳಿದೆ.

ಮದುವೆಗೆ ತೋಟದ ಮೇಲೆ ಸಾಲ ಮಾಡಿದ್ದೀರಿ, ನೆಂಟರ ಮುಂದೆ ತಲೆ ಎತ್ತೋದು ಹೇಗೆ ಅಂತ ಬರೆದಿದ್ದೀರಿ. ಸಾಲ ಇದ್ದೇ ಇರುತ್ತೆ, ನಿಧಾನಕ್ಕೆ ತೀರಿಸೋಣ. ಮುಂದಿನ ಸಲ ಅವನು ಮನೆಯಲ್ಲಿ ಇಲ್ಲದಾಗ ಫೋನ್ ಬಂದರೆ, 'ನಿನ್ನ ರೂಮು ಹಾಗೇ ಇದೆ, ಬರೋದಾದ್ರೆ ಬಾ, ಅಲ್ಲೇ ಇರೋದಾದ್ರೂ ನಾವಿದ್ದೀವಿ' ಅಂತ ಹೇಳಿ. ಯಜಮಾನರ ಬಾಯಿಂದಲೂ ಹೇಳಿಸಿ. ಅಪ್ಪ ಏನಂತಾರೋ ಅಂತಲೇ ಅವಳು ಇಷ್ಟು ದಿನ ಸುಮ್ಮನಿದ್ದಾಳೆ.

– ಸಂಪಾದಕ