ಓದುಗರ ಪ್ರಶ್ನೆ: ಕಾರ್ಡ್ ಆಟದಲ್ಲಿ ಕತ್ತಿ ಯಾಕೆ?

ಪ್ರಶ್ನೆ: ಸರ್, 'ಹ್ಯಾಂಡ್ ಆಫ್ ಫೇಟ್' ಅನ್ನೋ ವಿಡಿಯೊ ಗೇಮ್ ಆಡು ಅಂತ ಗೆಳೆಯ ಒಂದೇ ಸಮ ಹೇಳುತ್ತಿದ್ದಾನೆ. ವಿಡಿಯೊ ನೋಡಿದರೆ ಒಮ್ಮೆ ಇಸ್ಪೀಟು ಮೇಜು, ಇನ್ನೊಮ್ಮೆ ಕತ್ತಿ ಕಾಳಗ. ಇದು ಕಾರ್ಡ್ ಆಟವೋ ಹೊಡೆದಾಟವೋ?

ಉತ್ತರ: ಎರಡೂ ಹೌದು, ಆದರೆ ನನ್ನ ಲೆಕ್ಕದಲ್ಲಿ ಮುಕ್ಕಾಲು ಪಾಲು ಕಾರ್ಡ್. ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿದ್ದ ಡಿಫೈಯಂಟ್ ಡೆವಲಪ್‌ಮೆಂಟ್ ಎಂಬ ಸ್ಟುಡಿಯೊ 2015ರಲ್ಲಿ ಇದನ್ನು ಬಿಡುಗಡೆ ಮಾಡಿತು. ಎದುರಿಗೆ ಮುಖ ಮುಚ್ಚಿಕೊಂಡ ಡೀಲರ್ ಕೂತಿರುತ್ತಾನೆ. ಕಾರ್ಡ್‌ಗಳನ್ನು ಕವುಚಿ ಹರಡುತ್ತಾನೆ. ನಿಮ್ಮ ಕಾಯಿಯನ್ನು ಒಂದೊಂದರ ಮೇಲೆ ನಡೆಸುತ್ತಾ ಹೋಗಬೇಕು, ಕಾಲಿಟ್ಟ ಕಾರ್ಡ್ ತಿರುಗಿ ಕಥೆಯ ಒಂದು ತುಣುಕು ಬಿಚ್ಚಿಕೊಳ್ಳುತ್ತದೆ: ಅಂಗಡಿಯವನು ಸಿಗಬಹುದು, ಡಕಾಯಿತರು ಸಿಗಬಹುದು. ಪ್ರತಿ ಹೆಜ್ಜೆಗೂ ಊಟ ಖರ್ಚು, ಊಟ ಮುಗಿದ ಮೇಲೆ ಹೆಜ್ಜೆ ಇಟ್ಟರೆ ಜೀವವೇ ಖರ್ಚು. ಜಗಳ ಶುರುವಾಯಿತೋ, ನೀವು ಗಳಿಸಿದ ಕಾರ್ಡ್‌ಗಳು ಹಾರಿ ಬಂದು ಮೈಮೇಲೆ ಕತ್ತಿ, ಗುರಾಣಿ, ಕವಚ ಆಗುತ್ತವೆ.

ಮಜಾ ಇರುವುದು ಇನ್ನೊಂದು ಕಡೆ. ಆಟಕ್ಕೆ ಕೂರುವ ಮುಂಚೆ ಯಾವ ಘಟನೆಗಳು ಬರಬೇಕು, ಯಾವ ಆಯುಧಗಳು ಸಿಗಬೇಕು ಅಂತ ಕಾರ್ಡ್‌ಗಳ ಕಟ್ಟು ಜೋಡಿಸುವವರು ನೀವೇ. ಡೀಲರ್ ಅದಕ್ಕೆ ತನ್ನ ಕಾರ್ಡ್‌ಗಳನ್ನು ಬೆರೆಸುತ್ತಾನೆ. ಕೆಲವು ಘಟನೆಗಳ ಮೇಲೆ ಟೋಕನ್ ಅಂಟಿರುತ್ತದೆ. ಅದನ್ನು ಸರಿಯಾಗಿ ಮುಗಿಸಿದರೆ ಟೋಕನ್ ನಿಮ್ಮದು, ಅದರೊಳಗಿನ ಹೊಸ ಕಾರ್ಡ್‌ಗಳೂ ನಿಮ್ಮವು, ಎಷ್ಟೋ ಸಲ ಅದೇ ಕಥೆಯ ಮುಂದಿನ ಕಂತು ಕೂಡ ಅಲ್ಲೇ ಇರುತ್ತದೆ. ಹಾಗಾಗಿ ಕೆಟ್ಟ ಕಾರ್ಡ್ ಅಂತ ಗೊತ್ತಿದ್ದೂ ಆಸೆಗೆ ಬಿದ್ದು ಕಟ್ಟಿಗೆ ಸೇರಿಸುತ್ತೇವೆ, ಅದು ಎದುರಾದಾಗ ಡೀಲರನ್ನು ಬೈಯುತ್ತೇವೆ. ಅವನೂ ಸುಮ್ನಿರುವವನಲ್ಲ, ಎಡವಿದಾಗೆಲ್ಲ ಚುಚ್ಚುತ್ತಾನೆ. ಆ ದನಿ ಆಂಟನಿ ಸ್ಕೋರ್ಡಿ ಅವರದು. ಅದೊಂದಕ್ಕೇ ಆಡಬಹುದು ಅಂತ ನನಗೆ ಅನಿಸಿದ್ದುಂಟು.

ಪ್ರಶ್ನೆ: ನನಗೆ ಕಥೆ ಇಷ್ಟ, ಆದರೆ ಕೈ ನಿಧಾನ. ಹೊಡೆದಾಟ ತೆಗೆದುಹಾಕಿದ್ದರೆ ಚೆನ್ನಾಗಿರುತ್ತಿತ್ತು, ಅಲ್ವಾ?

ಉತ್ತರ: ಇಲ್ಲ, ಸಪ್ಪೆಯಾಗುತ್ತಿತ್ತು. ಹೊಡೆದಾಟ ತಾನಾಗಿ ದೊಡ್ಡದೇನಲ್ಲ. ಬ್ಯಾಟ್‌ಮನ್ ಅರ್ಕಮ್ ಆಟಗಳ ದಾರಿ ಹಿಡಿದದ್ದು: ಶತ್ರುವಿನ ಏಟಿಗೆ ಹಸಿರು ಗುರುತು ಕಂಡರೆ ತಡೆದು ತಿರುಗಿಸಿ ಹೊಡೆಯಿರಿ, ಕೆಂಪು ಕಂಡರೆ ಪಕ್ಕಕ್ಕೆ ಉರುಳಿ. ಅಷ್ಟೇ. ಒಂದೇ ತರಹದ ಜಾಗಗಳು ಮತ್ತೆ ಮತ್ತೆ ಬಂದು ಬೇಸರವೂ ಆಗುತ್ತದೆ. ಆದರೆ ಅಲ್ಲಿ ತಿಂದ ಏಟು ಮೇಜಿಗೂ ಬರುತ್ತದೆ. ಅರ್ಧ ಜೀವ ಹೋದವನಿಗೆ ಮುಂದಿನ ಕವುಚಿದ ಕಾರ್ಡ್ ನೋಡಿದರೇ ಭಯ, ಆ ಭಯ ಇಲ್ಲದಿದ್ದರೆ ಕಾರ್ಡ್ ಬರೀ ಓದುವ ಕಾಗದ. ಕೈ ನಿಧಾನ ಇದ್ದವರು ಕಟ್ಟಿಗೆ ಒಳ್ಳೆಯ ಕವಚಗಳನ್ನು ಜಾಸ್ತಿ ಹಾಕಿ, ಮತ್ತೆ ಚಿನ್ನ ಸಿಕ್ಕ ತಕ್ಷಣ ಕತ್ತಿಗೆ ಸುರಿಯದೆ ಮೊದಲು ಊಟ ಕೊಳ್ಳಿ.

ಪ್ರಶ್ನೆ: ಕೆಲವು ಸಲ ಡೀಲರ್ ನಾಲ್ಕು ಕಾರ್ಡ್ ಕಲೆಸಿ ಒಂದನ್ನು ಆರಿಸು ಅನ್ನುತ್ತಾನಲ್ಲ, ಅದು ಬರೀ ಅದೃಷ್ಟವೇ?

ಉತ್ತರ: ಪೂರ್ತಿ ಅಲ್ಲ. ಗೆಲುವು, ಸೋಲು, ಭಾರಿ ಗೆಲುವು, ಭಾರಿ ಸೋಲು, ಇವುಗಳಲ್ಲಿ ಯಾವುವು ಇವೆ ಅಂತ ಮೊದಲು ತೋರಿಸುತ್ತಾನೆ. ಆಮೇಲೆ ಕಣ್ಣೆದುರೇ ಕಲೆಸುತ್ತಾನೆ. ನಾಲ್ಕನ್ನೂ ಹಿಂಬಾಲಿಸಲು ಹೋಗಬೇಡಿ, ಒಂದು ಗೆಲುವಿನ ಕಾರ್ಡ್ ಮೇಲೆ ಕಣ್ಣು ನೆಡಿ. ತೀರಾ ಜೋರಾಗಿ ಕಲೆಸಿದರೆ ದೇವರೇ ಗತಿ.

ಪ್ರಶ್ನೆ: ನೇರವಾಗಿ ಎರಡನೇ ಭಾಗ ಆಡಬಹುದೇ? ಮೂರನೆಯದು ಬರುತ್ತದೆಯೇ?

ಉತ್ತರ: ಮೂರನೆಯದರ ಆಸೆ ಬಿಡಿ, ಆ ಸ್ಟುಡಿಯೊ 2019ರಲ್ಲೇ ಆಟ ಮಾಡುವುದನ್ನು ನಿಲ್ಲಿಸಿತು. ಎರಡನೆಯದು 2017ರದು, ಆಟವಾಗಿ ಅದೇ ಮೇಲು. ಭವಿಷ್ಯ ಹೇಳಲು ಬಳಸುವ ಟ್ಯಾರೋ ಕಾರ್ಡ್‌ಗಳ ಹೆಸರಿನ 22 ಸವಾಲುಗಳಿವೆ, ಒಂದೊಂದಕ್ಕೂ ಬೇರೆ ಬೇರೆ ನಿಯಮ. ಜೊತೆಗೊಬ್ಬ ಸಂಗಾತಿ ಇರುತ್ತಾರೆ. ಕಾರ್ಡ್ ಕಲೆಸುವುದರ ಜೊತೆ ದಾಳ, ಚಕ್ರ, ಲೋಲಕದ ಆಟಗಳೂ ಸೇರಿವೆ. ನೇರವಾಗಿ ಶುರು ಮಾಡಿದರೂ ಅರ್ಥವಾಗುತ್ತದೆ. ಆದರೆ ಅದರಲ್ಲಿ ಡೀಲರ್ ಹಳೆಯ ಸೇಡು ಹೊತ್ತು ಬಂದಿರುತ್ತಾನೆ, ಆ ಸೇಡು ಹುಟ್ಟಿದ್ದು ಮೊದಲ ಭಾಗದ ಕೊನೆಯಲ್ಲಿ. ಬಿಡುವಿದ್ದರೆ ಮೊದಲನೆಯದನ್ನೇ ಮುಗಿಸಿ ಬನ್ನಿ.