ನೀರು ಬೆರೆಸಿದವರೇ ಹಂಸವನ್ನು ಕರೆದರೆ

ಪ್ರಿಯರೆ,

ನಿಮ್ಮ ಹನ್ನೊಂದು ಕಥೆಗಳ ಹಸ್ತಪ್ರತಿಯನ್ನು ಎರಡು ಬಾರಿ ಓದಿದೆ. ಸಂಭಾಷಣೆಗಳು ಸಹಜವಾಗಿವೆ, ಪೀಣ್ಯದ ಗಾರ್ಮೆಂಟ್ಸ್ ಕಾರ್ಖಾನೆಯ ಕಥೆ ಚೆನ್ನಾಗಿದೆ. ಉಳಿದವುಗಳ ಮಾತು ಮುಂದೆಂದಾದರೂ ಆಡೋಣ. ಕಥೆಗಳಿಗೂ ಮೊದಲು ನೀವು ಕಾವಲಿಗೆ ನಿಲ್ಲಿಸಿರುವ ಏಳು ಪುಟಗಳ ‘ಲೇಖಕಿಯ ಅರಿಕೆ’ ನನ್ನನ್ನು ಕೆರಳಿಸಿತು.

“ಇದು ನನ್ನ ಮೊದಲ ತೊದಲ್ನುಡಿ” ಎಂದು ಆರಂಭಿಸಿದ್ದೀರಿ. ತೊದಲುವ ಮಗುವನ್ನು ಮನೆಯವರು ಮುದ್ದಿಸುತ್ತಾರೆ. ಗಾಂಧಿ ಬಜಾರಿನ ಅಂಗಡಿಯಲ್ಲಿ ಬೆಲೆ ನೋಡಿ, ಜೇಬು ನೋಡಿಕೊಂಡು ಪುಸ್ತಕ ಕೊಳ್ಳುವವರು ಏಕೆ ಮುದ್ದಿಸಬೇಕು? ಮುಂದಿನ ಸಾಲು: “ಬಿಡುವಿನ ವೇಳೆಯಲ್ಲಿ ಗೀಚಿದ್ದು.” ಹೊಲಿಗೆ ಯಂತ್ರದ ಮುಂದೆ ಕುಳಿತವಳು ಶೌಚಕ್ಕೆ ಏಳಲು ಸೂಪರ್‌ವೈಸರನ ಮುಖ ನೋಡುವ ಆ ಅರ್ಧ ಪುಟವನ್ನು ಯಾರೂ ಬಿಡುವಿನಲ್ಲಿ ಗೀಚಲಾರರೆಂಬುದು ನನಗೂ ಗೊತ್ತು, ನಿಮಗೂ ಗೊತ್ತು, ವಿನಯದ ಹೆಸರಿನಲ್ಲಿ ಸುಳ್ಳು ಹೇಳಿದ್ದೀರಿ. “ಸ್ನೇಹಿತರ ಒತ್ತಾಯಕ್ಕೆ ಮಣಿದು” ಎಂದರೆ, ಪುಸ್ತಕ ಸೋತಾಗ ಹೊಣೆ ಅವರದೆಂದೆ? ಕೊನೆಗೆ, ಓದುಗರು “ಹಂಸಕ್ಷೀರ ನ್ಯಾಯದಂತೆ” ಗುಣಗಳನ್ನಷ್ಟೇ ಸ್ವೀಕರಿಸಬೇಕೆಂದು ಕೋರಿದ್ದೀರಿ. ನೀರು ಬೆರೆಸಿದವರು ನೀವು, ಹಂಸವಾಗುವ ಕಷ್ಟ ಓದುಗರಿಗೆ!

ಇದೇ ಅಂಜಿಕೆ ಕಥೆಯೊಳಕ್ಕೂ ಇಳಿದಿದೆ. “ಬಸ್ಸು ಜಾಲಹಳ್ಳಿ ಕ್ರಾಸ್ ದಾಟಿದರೂ ಅವಳು ಇಳಿಯಲಿಲ್ಲ” ಎಂಬಲ್ಲಿ ಪೀಣ್ಯದ ಕಥೆ ಮುಗಿದಿತ್ತು. ಅನಂತರ, “ಹೀಗೆ ಅವಳ ಬದುಕೇ ಸೂಜಿದಾರಗಳ ನಡುವೆ ಸಿಲುಕಿತ್ತು” ಎಂದು ಬರೆದು, ಓದುಗರಿಗೆ ತಿಳಿಯಿತೋ ಇಲ್ಲವೋ ಎಂದು ಬಾಗಿಲ ಸಂದಿಯಿಂದ ಇಣುಕಿದ್ದೀರಿ.

ನಾನು ಚಾಮರಾಜಪೇಟೆಯ ಅಚ್ಚುಕೂಟವೊಂದರಲ್ಲಿ ಕರಡು ತಿದ್ದಲು ಸೇರಿದ್ದು ಸೀಸದ ಅಚ್ಚುಮೊಳೆ ಜೋಡಿಸುವ ಕಾಲದಲ್ಲಿ. ಮೊಳೆಗಳು ಎಣಿಕೆಯವಾದ್ದರಿಂದ ಒಂದು ಫಾರಂ, ಎಂದರೆ ಒಟ್ಟಿಗೆ ಅಚ್ಚಾಗುವ ಪುಟಗಳ ಕಂತು, ಅಚ್ಚಾಗಿ, ಮೊಳೆಗಳನ್ನು ಬಿಡಿಸಿ ಮತ್ತೆ ಮೊಳೆಪೆಟ್ಟಿಗೆಯ ಮನೆಗಳಿಗೆ ಹಾಕಿದ ಮೇಲೆಯೇ ಮುಂದಿನ ಪುಟಗಳ ಸರದಿ. ನನ್ನ ಮೊದಲ ಸಂಕಲನಕ್ಕೆ ನಾನೂ ಇಂಥದೇ ಅರಿಕೆ ಬರೆದಿದ್ದೆ. ಅಕ್ಷರಗಳನ್ನು ತಿರುಗುಮುರುಗಾಗಿಯೇ ಸರಾಗ ಓದುತ್ತಿದ್ದ ಹಿರಿಯ ಕಂಪೋಸಿಟರೊಬ್ಬರು ಗ್ಯಾಲಿ ಪ್ರೂಫನ್ನು ನನ್ನ ಮುಂದಿಟ್ಟು, “‘ಕ್ಷ’ ಖಾಲಿಯಾಯಿತು ಸ್ವಾಮಿ, ಎಷ್ಟು ಸಲ ಕ್ಷಮೆ ಕೇಳಿದ್ದೀರಿ ನೋಡಿ” ಎಂದರು. ಎರಡು ದಿನ ಅವರೊಡನೆ ಮಾತು ಬಿಟ್ಟಿದ್ದೆ. ಮೂರನೆಯ ದಿನ ಅರಿಕೆಯನ್ನು ಹೊಡೆದುಹಾಕಿದೆ. ಅವರು ಏನೂ ಹೇಳದೆ ಮೊಳೆಗಳನ್ನು ಬಿಡಿಸತೊಡಗಿದರು.

ಇಂದು ಕಂಪ್ಯೂಟರಿನಲ್ಲಿ ‘ಕ್ಷ’ ಮುಗಿಯುವುದಿಲ್ಲ, ಆದರೆ ಕಾಗದದ ಲೆಕ್ಕ ಉಳಿದಿದೆ. ಡೆಮಿ 1/8 ಆಕಾರದಲ್ಲಿ ಫಾರಂಗೆ 16 ಪುಟ. ಶೀರ್ಷಿಕೆ, ಪರಿವಿಡಿ ಸೇರಿ ನಿಮ್ಮ ಕಥೆಗಳು ಸರಿಯಾಗಿ 96 ಪುಟ, ಎಂದರೆ 6 ಫಾರಂ. ಅರಿಕೆಯ 7 ಪುಟ ಸೇರಿದರೆ ಏಳನೆಯ ಫಾರಂ ತೆರೆದು 9 ಪುಟ ಖಾಲಿ ಉಳಿಯುತ್ತವೆ. 500 ಪ್ರತಿಗಳಲ್ಲಿ ಆ ಕ್ಷಮಾಪಣೆಗೂ ಖಾಲಿ ಹಾಳೆಗೂ ನೀವೇ ಹಣ ತೆರಬೇಕು. ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್‌ಗೆ ಎಷ್ಟಾಗುತ್ತದೆಂದು ಕೇಳಿದ್ದೀರಿ: ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಅದನ್ನು ಉಚಿತವಾಗಿ ಕೊಡುತ್ತದೆ, ಮಧ್ಯವರ್ತಿಗಳಿಗೆ ದುಡ್ಡು ಕೊಡಬೇಡಿ.

ಪುಸ್ತಕ ಬಿಡುಗಡೆಗೆಂದು ನಯನ ಸಭಾಂಗಣವನ್ನು ಈಗಲೇ ಕಾಯ್ದಿರಿಸುವುದೂ ಬೇಡ. ಅರಿಕೆಯನ್ನು ತೆಗೆದು, ಹನ್ನೊಂದೂ ಕಥೆಗಳ ಕಡೆಯ ಪ್ಯಾರಾಗಳನ್ನು ಮುಚ್ಚಿಟ್ಟು ಒಮ್ಮೆ ಓದಿ, ಅನಂತರ ಹಸ್ತಪ್ರತಿಯನ್ನು ಮತ್ತೆ ಕಳುಹಿಸಿ.